ಪಿಕಪ್ ಬಂಡಿ: ಹೊರೆ ಎಷ್ಟು, ಹೊರೆ ಎಲ್ಲಿ?

ಕೆಲವು ವರ್ಷಗಳ ಹಿಂದೆ ನಾವು ಹಾಸನದಿಂದ ತುಮಕೂರಿಗೆ ಮನೆ ಬದಲಾಯಿಸಬೇಕಾಗಿ ಬಂದಿತು. ಸಾಮಾನು ಸಾಗಿಸುವುದಕ್ಕೆ ಒಂದು ಪಿಕಪ್ ವಾಹನವನ್ನು ಗೊತ್ತುಮಾಡಿದೆವು. ಎಷ್ಟು ಭಾರ ಹೊರುತ್ತದೆ ಎಂದು ಕೇಳಿದಾಗ ಚಾಲಕರು "ಒಂದೂವರೆ ಟನ್ನಿಗೆ ಯೋಚನೆಯಿಲ್ಲ ಸಾರ್" ಎಂದರು. ನಮ್ಮ ಸಾಮಾನು ಅದರ ಅರ್ಧದಷ್ಟೂ ಇರಲಾರದೆಂದು ಲೆಕ್ಕಹಾಕಿ ಸಮಾಧಾನಪಟ್ಟೆವು. ಹಾಸಿಗೆ, ದಿಂಬು, ಚಾಪೆಗಳನ್ನು ಮುಂಭಾಗದಲ್ಲಿ ತುಂಬಿ, ಕಬ್ಬಿಣದ ಬೀರು, ಪುಸ್ತಕದ ಪೆಟ್ಟಿಗೆಗಳು, ರುಬ್ಬುವ ಕಲ್ಲು ಇವನ್ನೆಲ್ಲ ಇಳಿಸಲು ಸುಲಭವಾಗಲೆಂದು ಹಿಂಬಾಗಿಲಿನ ಹತ್ತಿರ ಇರಿಸಿದೆವು. ಊರು ದಾಟಿ ಎರಡು ಮೈಲಿ ಹೋಗಿರಲಿಲ್ಲ. ಚಾಲಕರು ಬಂಡಿಯನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿದರು.

"ಹಿಂಭಾರ ಆಗಿದೆ ಸಾರ್. ಸ್ಟೇರಿಂಗು ಹಗುರವಾಗಿಬಿಟ್ಟಿದೆ. ಬೀರು, ಕಲ್ಲು ಎರಡೂ ಮುಂದಕ್ಕೆ ಹೋಗಬೇಕು."

ಅರ್ಧ ಗಂಟೆಯ ಕಾಲ ಬಿಸಿಲಿನಲ್ಲಿ ಬೆವರು ಸುರಿಸಿ ಸಾಮಾನನ್ನು ಮತ್ತೆ ಜೋಡಿಸಿದೆವು. ಒಂದು ಕಿಲೋಗ್ರಾಂ ಭಾರವನ್ನೂ ಇಳಿಸಲಿಲ್ಲ, ಏರಿಸಲಿಲ್ಲ. ಆದರೂ ಬಂಡಿಯ ನಡಿಗೆಯೇ ಬದಲಾಯಿತು. ಸನ್ನೆಯ ನಿಯಮವನ್ನು ವರ್ಷವರ್ಷವೂ ಕಪ್ಪು ಹಲಗೆಯ ಮೇಲೆ ಬರೆದು ಬೋಧಿಸುತ್ತಿದ್ದ ನಮಗೆ ಸ್ವಲ್ಪ ನಾಚಿಕೆಯಾದುದು ನಿಜ. ಹೊರೆ ಎಷ್ಟು ಎಂದು ನಾವು ಕೇಳಿದ್ದೆವು; ಎಲ್ಲಿ ಎಂದು ಕೇಳಿರಲಿಲ್ಲ. ಪಿಕಪ್ ವಾಹನದ ರಚನೆಯ ಗುಟ್ಟೆಲ್ಲ ಈ ಎರಡನೆಯ ಪ್ರಶ್ನೆಯಲ್ಲಿಯೇ ಅಡಗಿದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಎರಡು ಕೆಲಸಕ್ಕೆ ಒಂದು ಬಂಡಿ

ಪಿಕಪ್ಪಿನ ತವರು ಅಮೆರಿಕ. ಅಲ್ಲಿನ ರೈತರು ತಮ್ಮ ಕಾರುಗಳ ಹಿಂಭಾಗವನ್ನು ಕತ್ತರಿಸಿ, ಮರದ ಪೆಟ್ಟಿಗೆಯನ್ನು ಕೂರಿಸಿಕೊಂಡು, ಕಾಳು, ಹುಲ್ಲು, ಹಾಲಿನ ಕ್ಯಾನುಗಳನ್ನು ಸಾಗಿಸುತ್ತಿದ್ದರು. ಇದನ್ನು ಕಂಡ ಫೋರ್ಡ್ ಕಂಪನಿಯು ೧೯೨೫ರಲ್ಲಿ ತನ್ನ ಪ್ರಸಿದ್ಧ 'ಮಾಡೆಲ್ ಟಿ' ಕಾರಿಗೆ ಉಕ್ಕಿನ ತೊಟ್ಟಿಯನ್ನು ಕಾರ್ಖಾನೆಯಲ್ಲಿಯೇ ಜೋಡಿಸಿ ೨೮೧ ಡಾಲರಿಗೆ ಮಾರತೊಡಗಿತು. ಅದರ ಎಂಜಿನಿನ ಬಲ ಸುಮಾರು ೨೦ ಅಶ್ವಶಕ್ತಿ. ಇಂದಿನ ಮೋಟಾರು ಸೈಕಲುಗಳಲ್ಲಿಯೇ ಇದಕ್ಕಿಂತ ಹೆಚ್ಚು ಬಲವುಳ್ಳವು ಎಷ್ಟೋ ಇವೆ.

ಆಸ್ಟ್ರೇಲಿಯದಲ್ಲಿ ಇದೇ ಅಗತ್ಯ ಇನ್ನೊಂದು ರೂಪ ತಾಳಿತು. ವಿಕ್ಟೋರಿಯ ಪ್ರಾಂತದ ಒಬ್ಬ ರೈತನ ಹೆಂಡತಿ, ಭಾನುವಾರ ಚರ್ಚಿಗೆ ಹೋಗುವಾಗ ಮಳೆಯಲ್ಲಿ ನೆನೆಯದಂತೆ ಕೂರಿಸಿಕೊಂಡು, ಸೋಮವಾರ ಹಂದಿಗಳನ್ನು ಸಂತೆಗೆ ಒಯ್ಯಬಲ್ಲ ವಾಹನವೊಂದು ಬೇಕೆಂದು ಫೋರ್ಡ್ ಕಂಪನಿಗೆ ಕಾಗದ ಬರೆದಳೆಂದು ಹೇಳುತ್ತಾರೆ. ಲೂಯಿಸ್ ಬ್ಯಾಂಡ್ಟ್ ಎಂಬ ತರುಣ ವಿನ್ಯಾಸಕಾರ ರೂಪಿಸಿದ ಅಂತಹ ಬಂಡಿ ೧೯೩೪ರಲ್ಲಿ ಹೊರಬಂದಿತು.

ಭಾನುವಾರದ ಸುಖ, ಸೋಮವಾರದ ದುಡಿಮೆ: ಈ ಎರಡನ್ನೂ ಒಂದೇ ಚೌಕಟ್ಟಿನ ಮೇಲೆ ಕೂರಿಸುವುದೇ ಪಿಕಪ್ ವಿನ್ಯಾಸಕಾರನ ಕೆಲಸ. ಒಂದಕ್ಕೆ ಹೆಚ್ಚು ಕೊಟ್ಟರೆ ಇನ್ನೊಂದಕ್ಕೆ ಕಡಿಮೆಯಾಗುತ್ತದೆ. ಹಿಂದಿನ ಕಾಲದ ಅಮೆರಿಕನ್ ಪಿಕಪ್ಪಿನಲ್ಲಿ ಒಂದೇ ಸಾಲು ಆಸನ, ಅದರ ಹಿಂದೆ ೮ ಅಡಿ ಉದ್ದದ ತೊಟ್ಟಿ ಇರುತ್ತಿದ್ದುದು ಸಾಮಾನ್ಯ. ಇಂದು ಅಲ್ಲಿನ ಕುಟುಂಬಗಳು ಹೆಚ್ಚಾಗಿ ಕೊಳ್ಳುವುದು ನಾಲ್ಕು ಬಾಗಿಲು, ಐದು ಆಸನ, ಐದೂವರೆ ಅಡಿ ತೊಟ್ಟಿಯ ಬಂಡಿಯನ್ನು. ಅಲ್ಲಿ ಮನೆ ಕಟ್ಟುವವರು ಬಳಸುವ ಪ್ಲೈವುಡ್ ಹಲಗೆಯ ಅಳತೆ ೮ ಅಡಿ ಉದ್ದ, ೪ ಅಡಿ ಅಗಲ. ಈ ಹಲಗೆ ಚಪ್ಪಟೆಯಾಗಿ ಹಿಡಿಸುವುದೇ ಎಂಬುದು ಅಮೆರಿಕದಲ್ಲಿ ತೊಟ್ಟಿಯ ಹಳೆಯ ಪರೀಕ್ಷೆ. ೨೦೨೧ರಲ್ಲಿ ಹೊರಬಂದ 'ಮ್ಯಾವೆರಿಕ್' ಎಂಬ ಚಿಕ್ಕ ಪಿಕಪ್ಪಿನ ತೊಟ್ಟಿಯ ಉದ್ದ ನಾಲ್ಕೂವರೆ ಅಡಿ ಮಾತ್ರ. ಆದರೆ ಅದರ ಹಿಂಬಾಗಿಲನ್ನು ಅರ್ಧ ಇಳಿಸಿ ನಿಲ್ಲಿಸಿದರೆ ಅದರ ಅಂಚು ಚಕ್ರದ ಉಬ್ಬುಗಳ ಮಟ್ಟಕ್ಕೆ ಬರುತ್ತದೆ. ಅವುಗಳ ಮೇಲೆ ಹಲಗೆಯನ್ನು ಚಪ್ಪಟೆಯಾಗಿ ಹಾಸಬಹುದು. ಉದ್ದವನ್ನು ಬೆಳೆಸಲಾಗದ ಕಡೆ ಉಪಾಯವನ್ನು ಬೆಳೆಸಿದ್ದಕ್ಕೆ ಇದೊಂದು ಒಳ್ಳೆಯ ಉದಾಹರಣೆ.

ಸನ್ನೆಯ ಲೆಕ್ಕ

ಎತ್ತಿನ ಗಾಡಿ ಹೂಡಿದ ನಮ್ಮ ಹಿರಿಯರಿಗೆ ಹಿಂಭಾರ, ಮುಂಭಾರ ಎಂಬ ಮಾತುಗಳ ಅರ್ಥವನ್ನು ವಿವರಿಸಬೇಕಾಗಿರಲಿಲ್ಲ. ಗಾಡಿ ಮುಂಭಾರವಾದರೆ ನೊಗ ಎತ್ತುಗಳ ಹೆಗಲನ್ನು ಒತ್ತುತ್ತದೆ. ಹಿಂಭಾರವಾದರೆ ನೊಗ ಮೇಲಕ್ಕೆದ್ದು ಕೊರಳ ಹಗ್ಗ ಗಂಟಲನ್ನು ಬಿಗಿಯುತ್ತದೆ. ಅಚ್ಚು ಆಧಾರಬಿಂದು, ಗಾಡಿಯೇ ಸನ್ನೆ. ಪಿಕಪ್ಪಿನಲ್ಲಿ ಎತ್ತುಗಳ ಸ್ಥಾನದಲ್ಲಿ ಮುಂದಿನ ಚಕ್ರಗಳಿವೆ, ಅಷ್ಟೆ.

ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ ೩ ಮೀಟರು ಅಂತರವಿರುವ ಒಂದು ಪಿಕಪ್ಪನ್ನು ತೆಗೆದುಕೊಳ್ಳೋಣ. ೬೦೦ ಕಿಲೋಗ್ರಾಂ ಹೊರೆಯ ಗುರುತ್ವಕೇಂದ್ರ ಹಿಂದಿನ ಅಚ್ಚಿಗಿಂತ ೩೦ ಸೆಂಟಿಮೀಟರು ಮುಂದೆ ಇರಲಿ. ಆಗ ೬೦೦ನ್ನು ೦.೩ರಿಂದ ಗುಣಿಸಿ ೩ರಿಂದ ಭಾಗಿಸಿದರೆ ೬೦ ಬರುತ್ತದೆ. ಎಂದರೆ ಮುಂದಿನ ಚಕ್ರಗಳ ಮೇಲೆ ೬೦ ಕಿಲೋಗ್ರಾಂ, ಹಿಂದಿನವುಗಳ ಮೇಲೆ ೫೪೦ ಕಿಲೋಗ್ರಾಂ ಹೆಚ್ಚುತ್ತದೆ. ಅದೇ ಹೊರೆಯನ್ನು ಅಚ್ಚಿಗಿಂತ ೬೦ ಸೆಂಟಿಮೀಟರು ಹಿಂದಕ್ಕೆ ಸರಿಸಿದರೆ ಏನಾಗುತ್ತದೆ? ಹಿಂದಿನ ಚಕ್ರಗಳ ಮೇಲೆ ೭೨೦ ಕಿಲೋಗ್ರಾಂ ಬೀಳುತ್ತದೆ; ಮುಂದಿನ ಚಕ್ರಗಳಿಂದ ೧೨೦ ಕಿಲೋಗ್ರಾಂ *ಕಳೆದುಹೋಗುತ್ತದೆ*. ತಿರುವಿನಲ್ಲಿ ಬಂಡಿಯನ್ನು ತಿರುಗಿಸುವುದು ಮುಂದಿನ ಟೈರಿಗೂ ರಸ್ತೆಗೂ ನಡುವಿನ ಘರ್ಷಣೆ. ಆ ಘರ್ಷಣೆ ಟೈರಿನ ಮೇಲಿನ ಭಾರವನ್ನು ಅವಲಂಬಿಸಿದೆ. ಹಾಸನದ ರಸ್ತೆಯಲ್ಲಿ ನಮ್ಮ ಚಾಲಕರ ಅಂಗೈಗೆ ತಿಳಿದದ್ದು ಈ ಕಳೆದುಹೋದ ಭಾರವೇ.

ಹಿಂದೆ ಕೊಂಡಿಗೆ ಹಿಂಬಂಡಿಯನ್ನು ಸಿಕ್ಕಿಸಿದಾಗ ಈ ಲೆಕ್ಕ ಇನ್ನೂ ಕುತೂಹಲಕರವಾಗುತ್ತದೆ. ಹಿಂಬಂಡಿ ಓಲಾಡದೆ ನೇರವಾಗಿ ಬರಬೇಕಾದರೆ ಅದರ ಭಾರದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಂಡಿಯ ಮೇಲೆ ಕುಳಿತಿರಬೇಕೆಂಬುದು ಅನುಭವದಿಂದ ಬಂದ ನಿಯಮ. ೩೦೦೦ ಕಿಲೋಗ್ರಾಂ ಹಿಂಬಂಡಿಯಾದರೆ ಕೊಂಡಿಯ ಮೇಲೆ ಕನಿಷ್ಠ ೩೦೦ ಕಿಲೋಗ್ರಾಂ. ಬಂಡಿಯಲ್ಲಿ ತಲಾ ೭೫ ಕಿಲೋಗ್ರಾಮಿನ ಐವರು ಕುಳಿತರೆ ೩೭೫ ಕಿಲೋಗ್ರಾಂ. ಬಂಡಿಗೆ ಗೊತ್ತುಪಡಿಸಿದ ಹೊರೆ ೮೦೦ ಕಿಲೋಗ್ರಾಂ ಎಂದಿದ್ದರೆ, ತೊಟ್ಟಿಯಲ್ಲಿ ಒಂದು ಕಡ್ಡಿಯನ್ನೂ ಇಡುವ ಮೊದಲೇ ೬೭೫ ಕಿಲೋಗ್ರಾಂ ಮುಗಿದುಹೋಯಿತು! ಜಾಹೀರಾತಿನ ದೊಡ್ಡ ಅಂಕೆಗಳನ್ನು ಕೂಡಿಸಿ ಓದಬಾರದು, ಒಂದರಿಂದೊಂದನ್ನು ಕಳೆದು ಓದಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸ್ಪ್ರಿಂಗಿನ ಸಂಕಟ

ಬರಿದಾದ ಪಿಕಪ್ಪಿನಲ್ಲಿ ಕುಳಿತು ಹಳ್ಳಿಯ ರಸ್ತೆಯಲ್ಲಿ ಹೋದವರಿಗೆ ಅದರ ಕುಲುಕಾಟ ನೆನಪಿರಬಹುದು. ಇದು ತಯಾರಕರ ಅಲಕ್ಷ್ಯವಲ್ಲ, ಪ್ರಕೃತಿನಿಯಮದ ಫಲ. ಸ್ಪ್ರಿಂಗಿನ ಮೇಲೆ ಕುಳಿತ ಭಾರದ ಕಂಪನವನ್ನು ಲೆಕ್ಕಹಾಕಲು ಒಂದು ಸುಲಭ ಸೂತ್ರವಿದೆ. ಭಾರದಿಂದ ಸ್ಪ್ರಿಂಗು ಎಷ್ಟು ತಗ್ಗಿದೆಯೆಂಬುದನ್ನು ಮೀಟರಿನಲ್ಲಿ ಅಳೆದು, ಅದರ ವರ್ಗಮೂಲದಿಂದ ಅರ್ಧವನ್ನು ಭಾಗಿಸಿರಿ. ಸೆಕೆಂಡಿಗೆ ಎಷ್ಟು ಕಂಪನಗಳೆಂಬುದು ಸುಮಾರಾಗಿ ಸಿಗುತ್ತದೆ.

ಹಿಂದಿನ ಸ್ಪ್ರಿಂಗುಗಳ ಮೇಲೆ ಬರಿದಾಗಿದ್ದಾಗ ೫೦೦ ಕಿಲೋಗ್ರಾಂ, ತುಂಬಿದಾಗ ೧೫೦೦ ಕಿಲೋಗ್ರಾಂ ಇದೆಯೆನ್ನೋಣ. ತುಂಬಿದಾಗ ೧೨ ಸೆಂಟಿಮೀಟರು ತಗ್ಗುವ ಸ್ಪ್ರಿಂಗನ್ನು ಆರಿಸಿದರೆ ಕಂಪನ ಸೆಕೆಂಡಿಗೆ ೧.೪; ಇದು ಮೈಗೆ ಹಿತ. ಆದರೆ ಬರಿದಾದಾಗ ಅದೇ ಸ್ಪ್ರಿಂಗು ತಗ್ಗುವುದು ೪ ಸೆಂಟಿಮೀಟರು ಮಾತ್ರ. ಕಂಪನ ಸೆಕೆಂಡಿಗೆ ಎರಡೂವರೆ. ಸೊಂಟಕ್ಕೆ ಪೆಟ್ಟು ತಪ್ಪದು. ಬರಿದಾದಾಗಲೂ ಹಿತವಾಗಿರಲೆಂದು ಮೃದುವಾದ ಸ್ಪ್ರಿಂಗನ್ನು ಹಾಕಿದರೋ, ತುಂಬಿದಾಗ ಅದು ೩೬ ಸೆಂಟಿಮೀಟರು ತಗ್ಗಬೇಕಾಗುತ್ತದೆ. ಅಷ್ಟು ಜಾಗ ಬಂಡಿಯ ಕೆಳಗೆ ಎಲ್ಲಿದೆ? ಕಾರಿನಲ್ಲಿ ಈ ಸಂಕಟ ಇಷ್ಟು ತೀವ್ರವಲ್ಲ. ಏಕೆಂದರೆ ಅದರ ಬರಿದಾದ ಭಾರಕ್ಕೂ ತುಂಬಿದ ಭಾರಕ್ಕೂ ಅಷ್ಟು ಅಂತರವಿರುವುದಿಲ್ಲ.

ಇದಕ್ಕೆ ಕಂಡುಕೊಂಡ ಪರಿಹಾರ ಸರಳವಾದದ್ದು. ಉಕ್ಕಿನ ಬಾಗಿದ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಗಿಯುವ ಲೀಫ್ ಸ್ಪ್ರಿಂಗಿನಲ್ಲಿ ಕೆಲವು ಪಟ್ಟಿಗಳು ಮೊದಲು ಸುಮ್ಮನಿರುತ್ತವೆ. ಭಾರ ಏರಿ ಮೇಲಿನ ಪಟ್ಟಿಗಳು ತಗ್ಗಿದ ಮೇಲೆ ಅವು ಕೆಲಸಕ್ಕೆ ಕೈಹಚ್ಚುತ್ತವೆ. ಹಗುರಾದಾಗ ಮೃದು, ಭಾರವಾದಾಗ ಗಟ್ಟಿ. ಮುಂದಿನ ಸಲ ಪಿಕಪ್ಪೊಂದು ನಿಂತಿರುವುದನ್ನು ಕಂಡಾಗ ಹಿಂದಿನ ಚಕ್ರದ ಬಳಿ ಬಗ್ಗಿ ನೋಡಿರಿ. ಮುಖ್ಯ ಪಟ್ಟಿಗಳಿಗೆ ತಗಲದೆ ಕಾದು ಕುಳಿತಿರುವ ಪಟ್ಟಿ ಹಲವು ಬಂಡಿಗಳಲ್ಲಿ ಕಾಣುತ್ತದೆ.

ಏಣಿಯ ಮೇಲೆ ಎರಡು ಪೆಟ್ಟಿಗೆ

ಹಾಗೆ ಬಗ್ಗಿ ನೋಡುವಾಗ ಇನ್ನೊಂದನ್ನೂ ಗಮನಿಸಬಹುದು. ಚಾಲಕನ ಕೋಣೆಗೂ ತೊಟ್ಟಿಗೂ ನಡುವೆ ಎರಡು ಬೆರಳಿನಷ್ಟು ಸಂದು ಇರುತ್ತದೆ. ಇದು ಏಕೆ? ಪಿಕಪ್ಪಿನ ಅಡಿಯಲ್ಲಿ ಏಣಿಯನ್ನು ಹೋಲುವ ಉಕ್ಕಿನ ಚೌಕಟ್ಟಿದೆ. ಒಂದು ಚಕ್ರ ಗುಂಡಿಗೆ ಇಳಿದು ಎದುರು ಮೂಲೆಯ ಚಕ್ರ ಕಲ್ಲಿನ ಮೇಲೇರಿದಾಗ ಈ ಏಣಿ ತಿರುಚಿಕೊಳ್ಳುತ್ತದೆ. ಕೋಣೆ, ತೊಟ್ಟಿ ಎರಡನ್ನೂ ಒಂದಾಗಿ ಬೆಸೆದಿದ್ದರೆ ಬೆಸುಗೆ ಬಿರುಕು ಬಿಡುತ್ತಿತ್ತು. ಬೇರೆ ಬೇರೆಯಾಗಿ ಕೂರಿಸಿದ್ದರಿಂದ ಅವು ತಮ್ಮ ತಮ್ಮ ಪಾಡಿಗೆ ಅಲುಗಾಡುತ್ತವೆ.

ತಿರುಚುವಿಕೆಯನ್ನು ಎದುರಿಸುವ ಶಕ್ತಿ ಆಕಾರದಿಂದ ಬರುತ್ತದೆ ಎಂಬುದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ದಪ್ಪ ಕಾಗದವನ್ನು ಕೊಳವೆಯಾಗಿ ಸುತ್ತಿ ಅಂಚನ್ನು ಅಂಟಿನಿಂದ ಭದ್ರಪಡಿಸಿ, ಎರಡು ತುದಿಗಳನ್ನೂ ಹಿಡಿದು ತಿರುಚಿ ನೋಡಿರಿ. ಅದು ಬಲವಾಗಿ ಪ್ರತಿಭಟಿಸುತ್ತದೆ. ಈಗ ಉದ್ದಕ್ಕೂ ಕತ್ತರಿಯಿಂದ ಒಂದು ಸೀಳು ಹಾಕಿ ಮತ್ತೆ ತಿರುಚಿರಿ. ಕಾಗದ ಅದೇ, ತೂಕ ಅದೇ. ಬಲ ಮಾತ್ರ ಮಾಯ. ಹಳೆಯ ಪಿಕಪ್ಪುಗಳ ಚೌಕಟ್ಟಿನ ತೊಲೆಗಳು ಒಂದು ಪಕ್ಕ ತೆರೆದ ದೋಣಿಯ ಆಕಾರದಲ್ಲಿದ್ದವು. ಇಂದಿನವುಗಳಲ್ಲಿ ಬಹುಪಾಲು ನಾಲ್ಕೂ ಪಕ್ಕ ಮುಚ್ಚಿದ ಪೆಟ್ಟಿಗೆಯ ಆಕಾರದಲ್ಲಿವೆ. ಇದಕ್ಕೆ ಬೇರೆಯ ದಾರಿಯೂ ಉಂಟು. ಹೋಂಡಾ ಕಂಪನಿಯ 'ರಿಜ್‌ಲೈನ್' ಮತ್ತು ಮೇಲೆ ಹೇಳಿದ 'ಮ್ಯಾವೆರಿಕ್' ಪಿಕಪ್ಪುಗಳಲ್ಲಿ ಪ್ರತ್ಯೇಕ ಏಣಿಯಿಲ್ಲ. ಕಾರಿನಂತೆ ಮೈಯೇ ಚೌಕಟ್ಟು. ಅವು ಹಗುರ, ಸವಾರಿ ಸುಖ. ಆದರೆ ಅತಿ ಭಾರದ ಹಿಂಬಂಡಿಯನ್ನು ಎಳೆಯುವವರು ಏಣಿಯ ಚೌಕಟ್ಟನ್ನೇ ಬಯಸುತ್ತಾರೆ.

ಬಂಡಿಯ ಸ್ವಂತ ತೂಕವನ್ನು ಇಳಿಸಿದರೆ ಹೊರೆಗೆ ಅಷ್ಟು ಅವಕಾಶ ಹೆಚ್ಚುತ್ತದೆ. ಫೋರ್ಡ್ ಕಂಪನಿ ೨೦೧೫ರ 'ಎಫ್-೧೫೦' ಮಾದರಿಯಲ್ಲಿ ಚೌಕಟ್ಟನ್ನು ಉಕ್ಕಿನಲ್ಲಿಯೇ ಉಳಿಸಿ, ಮೈಯನ್ನೂ ತೊಟ್ಟಿಯನ್ನೂ ಅಲ್ಯೂಮಿನಿಯಂ ಮಿಶ್ರಲೋಹದಿಂದ ಮಾಡಿ, ಕೆಲವು ಮಾದರಿಗಳಲ್ಲಿ ೩೦೦ ಕಿಲೋಗ್ರಾಮಿಗಿಂತ ಹೆಚ್ಚು ತೂಕವನ್ನು ಇಳಿಸಿತು. ಅಲ್ಯೂಮಿನಿಯಮ್ಮಿನ ಸಾಂದ್ರತೆ ಉಕ್ಕಿನ ಸುಮಾರು ಮೂರನೆಯ ಒಂದು ಪಾಲು. ಆದರೆ ಬಾಗುವುದನ್ನು ತಡೆಯುವ ಅದರ ಗುಣವೂ ಮೂರನೆಯ ಒಂದೇ ಪಾಲು. ಹಾಗಾದರೆ ಲಾಭವೇನು? ಹಾಳೆಯ ಗಡುಸು ದಪ್ಪದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಮೂರರ ಘನಮೂಲ ೧.೪೪. ಆದುದರಿಂದ ಹಾಳೆಯನ್ನು ೧.೪೪ರಷ್ಟು ದಪ್ಪ ಮಾಡಿದರೆ ಉಕ್ಕಿನ ಗಡುಸು ದೊರೆಯುತ್ತದೆ, ತೂಕ ಮಾತ್ರ ಅರ್ಧದಷ್ಟಾಗುತ್ತದೆ. ಘನಮೂಲವೊಂದು ಇಷ್ಟು ಲೋಹವನ್ನು ಉಳಿಸುವುದನ್ನು ನೋಡಿದರೆ ಬೀಜಗಣಿತದ ಮೇಲೆ ಗೌರವ ಹುಟ್ಟದಿರದು.

೮೦ ಅಶ್ವಶಕ್ತಿ, ೪೦೦ ಅಶ್ವಶಕ್ತಿ

ಈಗ ಒಂದು ಒಗಟು. ಕೋಲಾರದ ಟೊಮ್ಯಾಟೊ ಮಾರುಕಟ್ಟೆಯ ದಾರಿಯಲ್ಲಿ ಸಾಲುಗಟ್ಟುವ ನಮ್ಮ ಪಿಕಪ್ಪುಗಳನ್ನು ನೋಡಿರಿ. ೨೦೨೩ರಲ್ಲಿ ಹೊರಬಂದ ಮಹೀಂದ್ರದ 'ಬೊಲೆರೊ ಮ್ಯಾಕ್ಸ್' ಪಿಕಪ್ಪುಗಳು ಮಾದರಿಗೆ ತಕ್ಕಂತೆ ೧.೩ ಟನ್ನಿನಿಂದ ೨ ಟನ್ನಿನವರೆಗೆ ಹೊರುತ್ತವೆ. ಎಂಜಿನಿನ ಬಲ ಹೆಚ್ಚೆಂದರೆ ಸುಮಾರು ೮೦ ಅಶ್ವಶಕ್ತಿ. ಅತ್ತ ಅಮೆರಿಕದ 'ಎಫ್-೧೫೦' ಪಿಕಪ್ಪಿನ ಒಂದು ಜನಪ್ರಿಯ ಎಂಜಿನಿನ ಬಲ ೪೦೦ ಅಶ್ವಶಕ್ತಿ; ಆದರೆ ಕುಟುಂಬಗಳು ಕೊಳ್ಳುವ ನಾಲ್ಕು ಬಾಗಿಲಿನ ಮಾದರಿಗಳು ಸಾಮಾನ್ಯವಾಗಿ ಹೊರುವುದು ಒಂದು ಟನ್ನಿಗಿಂತ ಕಡಿಮೆ. ಐದು ಪಾಲು ಬಲ, ಅರ್ಧ ಹೊರೆ! ಇದು ಹೇಗೆ?

ಉತ್ತರ ವೇಗದಲ್ಲಿದೆ. ಸಾಮರ್ಥ್ಯವೆಂದರೆ ಬಲವನ್ನು ವೇಗದಿಂದ ಗುಣಿಸಿದ ಫಲ. ಒಟ್ಟು ೩೫೦೦ ಕಿಲೋಗ್ರಾಂ ಇರುವ ಬಂಡಿ, ಹನ್ನೆರಡು ಅಡಿಗೆ ಒಂದು ಅಡಿ ಏರುವ ದಿಣ್ಣೆಯನ್ನು ಗಂಟೆಗೆ ೫೦ ಕಿಲೋಮೀಟರು ವೇಗದಲ್ಲಿ ಹತ್ತಲು ಚಕ್ರಗಳಿಗೆ ಬೇಕಾದುದು ಸುಮಾರು ೬೩ ಅಶ್ವಶಕ್ತಿ. ೮೦ ಅಶ್ವಶಕ್ತಿಯ ಎಂಜಿನು ಅದಕ್ಕೆ ಸಾಲುತ್ತದೆ. ಅದೇ ದಿಣ್ಣೆಯನ್ನು ಗಂಟೆಗೆ ೧೦೦ ಕಿಲೋಮೀಟರು ವೇಗದಲ್ಲಿ ಹತ್ತಬೇಕೆಂದರೆ, ಗಾಳಿಯ ಪ್ರತಿರೋಧವೂ ಸೇರಿ, ೧೫೦ ಅಶ್ವಶಕ್ತಿಯನ್ನು ಮೀರುತ್ತದೆ. ಅದರ ಹಿಂದೆ ನಾಲ್ಕು ಟನ್ನಿನ ಹಿಂಬಂಡಿಯನ್ನು ಕಟ್ಟಿದರೆ ಈ ಅಂಕೆ ಇಮ್ಮಡಿಯಾಗುವುದು ಸಹಜ. ನಮ್ಮ ಪಿಕಪ್ಪಿನದು ನಿಧಾನವಾಗಿ ಹೆಚ್ಚು ಹೊರುವ ಒಪ್ಪಂದ. ಅವರದು ಸುಖವಾಗಿ ಕುಳಿತು, ವೇಗವಾಗಿ, ಬೇಕಾದಾಗ ಹೆಚ್ಚು ಎಳೆಯುವ ಒಪ್ಪಂದ. ಯಾವುದು ಉತ್ತಮ ಎಂಬ ಪ್ರಶ್ನೆಗೆ ಬಂಡಿಯನ್ನು ನೋಡಿ ಉತ್ತರ ಹೇಳಲಾಗದು. ರಸ್ತೆಯನ್ನೂ ಕೆಲಸವನ್ನೂ ನೋಡಿ ಹೇಳಬೇಕು.

ಗಾಳಿಯ ಮಾತು ಬಂದುದರಿಂದ ಒಂದು ತಪ್ಪು ನಂಬಿಕೆಯನ್ನು ತಿದ್ದುವುದು ಒಳ್ಳೆಯದು. ಬರಿದಾದ ತೊಟ್ಟಿಯ ಹಿಂಬಾಗಿಲನ್ನು ಇಳಿಸಿಕೊಂಡು ಹೋದರೆ ಗಾಳಿ ಸರಾಗವಾಗಿ ಹರಿದು ಇಂಧನ ಉಳಿಯುತ್ತದೆಂದು ಹಲವರು ಭಾವಿಸುತ್ತಾರೆ. ಪ್ರಯೋಗಗಳು ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾದುದನ್ನೇ ತೋರಿಸಿವೆ. ಬಾಗಿಲು ಮುಚ್ಚಿದ್ದಾಗ ತೊಟ್ಟಿಯೊಳಗೆ ಗಾಳಿಯ ಒಂದು ಸುಳಿ ನಿಂತುಕೊಳ್ಳುತ್ತದೆ. ಕೋಣೆಯ ಮಾಡಿನಿಂದ ಇಳಿದು ಬರುವ ಗಾಳಿ ಈ ಸುಳಿಯ ಮೇಲೆ ಜಾರಿ ಹಿಂದಕ್ಕೆ ಹೋಗುತ್ತದೆ. ಬಾಗಿಲನ್ನು ಇಳಿಸಿದರೆ ಆ ಸುಳಿ ಒಡೆದುಹೋಗುತ್ತದೆ.

ವಿದ್ಯುತ್ ಪಿಕಪ್ಪು

ಪೆಟ್ರೋಲು, ಡೀಸೆಲುಗಳ ಬದಲು ವಿದ್ಯುಚ್ಛಕ್ತಿಯಿಂದ ಓಡುವ ಪಿಕಪ್ಪುಗಳೂ ಬಂದಿವೆ. ೨೦೨೨ರಲ್ಲಿ ಹೊರಬಂದ 'ಎಫ್-೧೫೦ ಲೈಟ್ನಿಂಗ್' ಬಂಡಿಯಲ್ಲಿ ಭಾರವಾದ ಬ್ಯಾಟರಿಯನ್ನು ನೆಲದ ಮಟ್ಟದಲ್ಲಿ, ಎರಡು ಅಚ್ಚುಗಳ ನಡುವೆ ಇರಿಸಿದ್ದರು. ಹೊರೆ ಎಲ್ಲಿರಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಗುರುತ್ವಕೇಂದ್ರ ಕೆಳಗಿಳಿಯುತ್ತದೆ; ಎಂಜಿನು ಇದ್ದ ಜಾಗದಲ್ಲಿ ೪೦೦ ಲೀಟರಿನ ಪೆಟ್ಟಿಗೆ ದೊರೆಯುತ್ತದೆ. ಬಂಡಿಯಿಂದ ೯.೬ ಕಿಲೋವಾಟ್ ವಿದ್ಯುತ್ತನ್ನು ಹೊರಗೆಳೆದು ಗರಗಸ, ಬೈರಿಗೆಗಳನ್ನು ನಡೆಸಬಹುದು. ೨೦೨೧ರ ಫೆಬ್ರವರಿಯಲ್ಲಿ ಟೆಕ್ಸಾಸ್ ರಾಜ್ಯದಲ್ಲಿ ಹಿಮಗಾಳಿಯಿಂದ ವಿದ್ಯುತ್ತು ನಿಂತುಹೋದಾಗ, ಇದರ ಹಿಂದಿನ ಹೈಬ್ರಿಡ್ ಮಾದರಿಯ ಜನರೇಟರಿನಿಂದ ಕೆಲವರು ತಮ್ಮ ಮನೆಗಳನ್ನು ಬೆಚ್ಚಗಿರಿಸಿಕೊಂಡರು.

ಆದರೆ ಇಲ್ಲಿಯೂ ಒಪ್ಪಂದವುಂಟು. ಬಂಡಿಯ ಸ್ವಂತ ತೂಕವೇ ೨೭೦೦ ಕಿಲೋಗ್ರಾಂ ದಾಟಿತು. ಎತ್ತರದ ಹಿಂಬಂಡಿಯನ್ನು ಎಳೆದರೆ ಒಂದು ಸಲದ ಚಾರ್ಜಿನಲ್ಲಿ ಹೋಗುವ ದೂರ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಎತ್ತರದ ಮೂತಿ

ಹೊರುವವರ ಲೆಕ್ಕ ಇಷ್ಟಾಯಿತು. ಎದುರಿಗೆ ನಡೆದು ಬರುವವರ ಲೆಕ್ಕವೂ ಇದೆ. ಇತ್ತೀಚಿನ ದಶಕಗಳಲ್ಲಿ ಅಮೆರಿಕದ ಪಿಕಪ್ಪುಗಳ ಮೂತಿ ಎತ್ತರವಾಗುತ್ತ ಬಂದಿದೆ. ಅಲ್ಲಿನ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಬಾನೆಟ್ಟಿನ ಅಂಚು ೪೦ ಅಂಗುಲಕ್ಕಿಂತ ಎತ್ತರವಿರುವ ವಾಹನ ಪಾದಚಾರಿಗೆ ಬಡಿದಾಗ ಸಾವು ಸಂಭವಿಸುವ ಸಾಧ್ಯತೆ, ೩೦ ಅಂಗುಲ ಅಥವಾ ಅದಕ್ಕಿಂತ ತಗ್ಗಾದ, ಇಳಿಜಾರು ಮೂತಿಯ ವಾಹನಕ್ಕಿಂತ ನೂರಕ್ಕೆ ೪೫ರಷ್ಟು ಹೆಚ್ಚು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ತಗ್ಗಾದ ಮೂತಿ ಕಾಲಿಗೆ ತಗಲಿ ಮನುಷ್ಯನನ್ನು ಬಾನೆಟ್ಟಿನ ಮೇಲೆ ಉರುಳಿಸುತ್ತದೆ. ಎತ್ತರದ ಮೂತಿ ಎದೆಗೆ, ಮಕ್ಕಳಾದರೆ ತಲೆಗೆ, ನೇರವಾಗಿ ಬಡಿದು ಕೆಳಕ್ಕೆ ಕೆಡವುತ್ತದೆ. ಎಂಜಿನೇ ಇಲ್ಲದ ವಿದ್ಯುತ್ ಪಿಕಪ್ಪಿಗೆ ಎತ್ತರದ ಮೂತಿ ಬೇಕೇ ಬೇಕೆಂಬ ಯಾಂತ್ರಿಕ ಕಾರಣವಿಲ್ಲ. ಉಳಿಯುವುದು ನೋಟದ ಗತ್ತು ಮಾತ್ರ.

ಇಪ್ಪತ್ತೆರಡು ಮೂಟೆ, ಇಪ್ಪತ್ತು ಜನ

ಮೊದಲಿನ ಪ್ರಶ್ನೆಗೆ ಮರಳೋಣ. ನಾವು ಕಾಲೇಜಿಗೆ ಹೋಗುವ ದಾರಿಯಲ್ಲಿ, ಕಟಾವಿನ ದಿನಗಳಲ್ಲಿ, ಕೂಲಿಯವರನ್ನು ತುಂಬಿಕೊಂಡು ಹೊಲಗಳಿಗೆ ಹೋಗುವ ಪಿಕಪ್ಪುಗಳನ್ನು ಕಾಣುತ್ತೇವೆ. ಹೆಂಗಸರು, ಗಂಡಸರು, ಒಮ್ಮೊಮ್ಮೆ ಶಾಲೆಯ ರಜೆಯಲ್ಲಿರುವ ಹುಡುಗರು ತೊಟ್ಟಿಯಲ್ಲಿ ಒತ್ತಾಗಿ ನಿಂತಿರುತ್ತಾರೆ. ಸರಕಿನ ವಾಹನದ ತೊಟ್ಟಿಯಲ್ಲಿ ಜನರನ್ನು ಹೀಗೆ ಸಾಗಿಸುವುದು ಕಾನೂನಿಗೆ ವಿರುದ್ಧ. ಆದರೆ "ಒಂದೂವರೆ ಟನ್ನು ಹೊರುವ ಬಂಡಿ, ಇಪ್ಪತ್ತು ಜನ ಅದಕ್ಕೊಂದು ಲೆಕ್ಕವೇ?" ಎಂದು ನಮ್ಮ ವಿದ್ಯಾರ್ಥಿಯೊಬ್ಬ ಕೇಳಿದ. ಪ್ರಶ್ನೆ ನ್ಯಾಯವಾದುದು, ಉತ್ತರವನ್ನು ಅಂಕೆಗಳಲ್ಲಿಯೇ ಕೊಡಬೇಕು.

ಬಂಡಿಯ ಸ್ವಂತ ತೂಕ ೧೭೦೦ ಕಿಲೋಗ್ರಾಂ. ಅದರ ಗುರುತ್ವಕೇಂದ್ರದ ಎತ್ತರ ೦.೬೫ ಮೀಟರು, ಎಡ ಬಲ ಚಕ್ರಗಳ ನಡುವಿನ ಅಂತರ ೧.೪೫ ಮೀಟರು, ತೊಟ್ಟಿಯ ತಳ ನೆಲದಿಂದ ೦.೮೫ ಮೀಟರು ಎಂದಿಟ್ಟುಕೊಳ್ಳೋಣ. ಇದರಲ್ಲಿ ೧೧೦೦ ಕಿಲೋಗ್ರಾಂ ಹೊರೆಯನ್ನು ಎರಡು ವಿಧದಲ್ಲಿ ತುಂಬೋಣ. ಮೊದಲು ೫೦ ಕಿಲೋಗ್ರಾಮಿನ ೨೨ ಸಿಮೆಂಟು ಮೂಟೆಗಳು. ಚಪ್ಪಟೆಯಾಗಿ ಹಾಸಿದ ಈ ಮೂಟೆಗಳ ಗುರುತ್ವಕೇಂದ್ರ ನೆಲದಿಂದ ಸುಮಾರು ೧ ಮೀಟರು ಎತ್ತರದಲ್ಲಿರುತ್ತದೆ. ಎರಡನೆಯದಾಗಿ, ತಲಾ ೫೫ ಕಿಲೋಗ್ರಾಮಿನ ೨೦ ಜನ. ನಿಂತ ಮನುಷ್ಯನ ಗುರುತ್ವಕೇಂದ್ರ ಹೊಕ್ಕುಳಿನ ಹತ್ತಿರವಿರುವುದರಿಂದ ಅದು ನೆಲದಿಂದ ಸುಮಾರು ೧.೮ ಮೀಟರು ಎತ್ತರದಲ್ಲಿರುತ್ತದೆ. ಬಂಡಿ, ಹೊರೆ ಎರಡೂ ಸೇರಿದ ಗುರುತ್ವಕೇಂದ್ರ ಮೂಟೆಗಳಿದ್ದಾಗ ೦.೭೯ ಮೀಟರು, ಜನರಿದ್ದಾಗ ೧.೧೦ ಮೀಟರು ಎತ್ತರಕ್ಕೆ ಬರುತ್ತದೆ.

ತಿರುವಿನಲ್ಲಿ ಬಂಡಿ ಮಗುಚದೆ ನಿಲ್ಲುವ ಶಕ್ತಿಯನ್ನು ಒಂದು ಅಂಕೆಯಿಂದ ಅಳೆಯುತ್ತಾರೆ: ಚಕ್ರಗಳ ನಡುವಿನ ಅಂತರದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದರೆ ಈ ಅಂಕೆ ಸಿಗುತ್ತದೆ. ಬರಿದಾದ ಬಂಡಿಗೆ ಇದು ೧.೧೨, ಮೂಟೆಗಳಿದ್ದಾಗ ೦.೯೨, ಜನರಿದ್ದಾಗ ೦.೬೬. ೨೫ ಮೀಟರು ತ್ರಿಜ್ಯದ ತಿರುವಿನಲ್ಲಿ ಮಗುಚುವ ವೇಗ ಕ್ರಮವಾಗಿ ಗಂಟೆಗೆ ಸುಮಾರು ೬೦, ೫೪, ೪೬ ಕಿಲೋಮೀಟರು.

ವೇಗಗಳ ಅಂತರ ಅಷ್ಟೇನೂ ದೊಡ್ಡದಲ್ಲವೆಂದು ವಾಚಕರಿಗೆ ಅನ್ನಿಸಬಹುದು. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಒಣಗಿದ ಡಾಂಬರು ರಸ್ತೆಯ ಮೇಲೆ ಟೈರಿನ ಘರ್ಷಣಾಂಕ ಸುಮಾರು ೦.೮. ಮೊದಲ ಎರಡು ಅಂಕೆಗಳು ಇದಕ್ಕಿಂತ ಹೆಚ್ಚು. ಆದುದರಿಂದ ಬರಿದಾದ ಬಂಡಿಯಾಗಲಿ ಮೂಟೆಯ ಬಂಡಿಯಾಗಲಿ ಮಿತಿಮೀರಿದ ವೇಗದಲ್ಲಿ ತಿರುಗಿದರೆ ಮಗುಚುವ ಮೊದಲು *ಜಾರುತ್ತದೆ*. ಟೈರು ಕಿರುಚುತ್ತದೆ, ಚಾಲಕನಿಗೆ ಎಚ್ಚರಿಕೆ ಸಿಗುತ್ತದೆ. ಮೂರನೆಯ ಅಂಕೆ ಮಾತ್ರ ೦.೮ಕ್ಕಿಂತ ಕಡಿಮೆ. ಎಂದರೆ ಜನ ನಿಂತ ಬಂಡಿ ಜಾರುವ ಮೊದಲೇ *ಮಗುಚುತ್ತದೆ*. ಎಚ್ಚರಿಕೆಯ ಸದ್ದೂ ಕೇಳಿಬರದು. 'ಎಷ್ಟು' ಎಂಬುದು ಎರಡು ಕಡೆಯೂ ೧೧೦೦ ಕಿಲೋಗ್ರಾಮೇ. ಬದಲಾದದ್ದು 'ಎಲ್ಲಿ' ಎಂಬುದೊಂದೇ. ಅದರಿಂದ ಅಪಾಯದ ಜಾತಿಯೇ ಬದಲಾಯಿತು.

ಈ ಲೆಕ್ಕ ಇನ್ನೂ ಉದಾರವಾದದ್ದು. ಸ್ಪ್ರಿಂಗುಗಳು ಒಂದು ಪಕ್ಕಕ್ಕೆ ತಗ್ಗುವುದನ್ನು ನಾವು ಗಣನೆಗೆ ತೆಗೆದುಕೊಂಡಿಲ್ಲ. ಮೂಟೆಗಳು ಇಟ್ಟಲ್ಲಿ ಇರುತ್ತವೆ. ಮನುಷ್ಯರು ತಿರುವಿನಲ್ಲಿ ಒಬ್ಬರ ಮೇಲೊಬ್ಬರು ವಾಲಿ, ಎಲ್ಲರೂ ಹೊರಪಕ್ಕಕ್ಕೇ ಬರುತ್ತಾರೆ. ಅವರಿಗೆ ಆಸನವಿಲ್ಲ, ಪಟ್ಟಿಯಿಲ್ಲ, ಮೇಲೆ ಮಾಡಿಲ್ಲ. ಕುಳಿತುಕೊಂಡರೆ ಗುರುತ್ವಕೇಂದ್ರ ಇಳಿಯುತ್ತದೆ, ನಿಜ. ಆದರೆ ಮಗುಚಿದ ಮೇಲೆ ಕುಳಿತವರನ್ನೂ ಆ ತೊಟ್ಟಿ ಕಾಪಾಡದು.

ಬೆಳಗಿನ ಆರು ಗಂಟೆಗೆ ಹೊಲ ತಲಪಬೇಕಾದವರಿಗೆ ಆ ಹೊತ್ತಿನಲ್ಲಿ ಬೇರೆ ಬಂಡಿಯಿರದು ಎಂಬುದು ನಮಗೆ ಗೊತ್ತು. ಅವರನ್ನು ದೂರುವುದರಿಂದ ಪ್ರಯೋಜನವಿಲ್ಲ. ಸರಕಿಗೆ ಒಂದು ಬಂಡಿ, ಜನಕ್ಕೆ ಆಸನವುಳ್ಳ ಇನ್ನೊಂದು ಬಂಡಿ ಎಂಬ ಏರ್ಪಾಡನ್ನು ಕೆಲಸಕ್ಕೆ ಕರೆಯುವವರು ಮಾಡಬೇಕು. ಹೊಲದ ಹೊತ್ತಿಗೆ ಹೊಂದುವ ಬಸ್ಸನ್ನು ಊರಿನವರು ಕೇಳಿ ಪಡೆಯಬೇಕು. ಈ ಲೇಖನವನ್ನು ಓದಿದ ವಿದ್ಯಾರ್ಥಿಯ ಮನೆಯವರಲ್ಲಿ ಯಾರಾದರೂ ನಾಳೆ ಬೆಳಿಗ್ಗೆ ಅಂತಹ ತೊಟ್ಟಿಗೆ ಹತ್ತುವವರಿದ್ದರೆ, ಇಲ್ಲಿನ ಮೂರು ಅಂಕೆಗಳನ್ನು ಅವರಿಗೂ ಚಾಲಕರಿಗೂ ತೋರಿಸಲಿ.

ಹಾಸನದ ರಸ್ತೆಯ ನಮ್ಮ ಚಾಲಕರು ಈ ಅಂಕೆಗಳನ್ನು ಕಲಿತವರಲ್ಲ. ಆದರೂ ಸ್ಟೇರಿಂಗು ಹಗುರವಾದ ಕೂಡಲೇ ಬಂಡಿಯನ್ನು ನಿಲ್ಲಿಸಿದರು. ತುಮಕೂರು ತಲಪಿದ ಮೇಲೆ ಕೊನೆಯ ಪೆಟ್ಟಿಗೆಯನ್ನು ಇಳಿಸುತ್ತ ಅವರು ಹೇಳಿದ ಮಾತು ಇದು: "ಭಾರ ಬಂಡಿಗೆ ಗೊತ್ತಾಗೋಕ್ಕೆ ಮುಂಚೆ ನಮಗೆ ಗೊತ್ತಾಗಬೇಕು, ಸಾರ್." ಸನ್ನೆಯ ನಿಯಮವನ್ನು ಬೋಧಿಸುವಾಗ ಈಗ ನಾವು ಮೊದಲು ಈ ಮಾತನ್ನು ಹೇಳಿ, ಆಮೇಲೆ ಸೂತ್ರವನ್ನು ಬರೆಯುತ್ತೇವೆ.